ಶೇಂಗಾ ಸುಲಿಸಿ ಕಾಲೇಜಿಗೆ ಕಳಿಸಿದ ಕಾಕು

ನಾವೆಲ್ಲ ಕಾಕು, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ತೀರಿಕೊಂಡವರ ಮೇಲಿನ ಗೌರವಕ್ಕಲ್ಲ, ಬದುಕಿದ್ದಾಗ ಅವರಿಗಿದ್ದ ಸಿಟ್ಟಿಗೆ ಹೆದರಿ. ಸೋಲಾಪುರದ ಸಾಹುಕಾರರು ಒಂದು ಅರವಟ್ಟಿಗೆ ಕಟ್ಟಿಸಿದರೂ ಅದರ ಹಣೆಗೆ ತಮ್ಮ ಹೆಸರಿನ ಕಲ್ಲು ಕೂಡಿಸುತ್ತಿದ್ದ ಕಾಲ ಅದು. ಅಂಥ ಕಲ್ಲು ಕಂಡಾಗೆಲ್ಲ ಕಾಕು ಟಾಂಗಾದೊಳಗಿಂದ ತಲೆ ಹೊರಗೆ ಹಾಕಿ, “ಬಂದವ್ರಿಗೆ ನೀರಡಿಕಿ ಆಗಿರತೈತಿ. ಇವನ ಹೆಸರ್ ಓದಾಕ ಯಾರಿಗೆ ಪುರಸೊತ್ತೈತಿ?” ಎನ್ನುತ್ತಿದ್ದರು. ಟಾಂಗಾದವನಿಗೂ ಕೇಳಿಸಬೇಕು, ರಸ್ತೆಯಲ್ಲಿದ್ದವರಿಗೂ ಕೇಳಿಸಬೇಕು, ಅಷ್ಟು ದೊಡ್ಡ ದನಿ. ಹೋದ ತಿಂಗಳು ಆ ದನಿ ನಿಂತುಹೋಯಿತೆಂದು ಊರಿನಿಂದ ಬಂದವರು ಹೇಳಿದಾಗ ನನಗೆ ನಂಬಿಕೆಯೇ ಆಗಲಿಲ್ಲ. ಮರುದಿನ ಶಾಲೆಯಲ್ಲಿ ಪಾಠ ಹೇಳುತ್ತ ನಿಂತಾಗ ಅಳು ಬಂತು. ಹುಡುಗಿಯರು ಹೆದರಿ ಸುಮ್ಮನೆ ಕುಳಿತಿದ್ದರು.

ಅವರ ಯಜಮಾನರು ಸೋಲಾಪುರದ ಪೇಟೆಯಲ್ಲಿ ಅಡತಿ ಅಂಗಡಿ ಇಟ್ಟಿದ್ದರು. ಅಕ್ಕಲಕೋಟೆಯ ಕಡೆಯಿಂದ, ಮಂಗಳವೇಢೆಯ ಕಡೆಯಿಂದ ರೈತರು ಜೋಳ, ಶೇಂಗಾ, ತೊಗರಿಯ ಚೀಲಗಳನ್ನು ತಂದು ಅಲ್ಲಿ ಇಳಿಸುತ್ತಿದ್ದರು. ಸಾಹುಕಾರರು ಮಾಲು ಮಾರಿಸಿಕೊಟ್ಟು, ತಮ್ಮ ಅಡತಿಯನ್ನು, ಅಂದರೆ ದಲಾಲಿಯನ್ನು, ಹಿಡಿದುಕೊಂಡು ಉಳಿದದ್ದನ್ನು ರೈತನ ಕೈಗೆ ಕೊಡುತ್ತಿದ್ದರು. ಅವರು ಬಹಳ ಕಡಿಮೆ ಮಾತಿನವರು. ದೇವರು ಆ ಮನೆಗೆಂದು ಕೊಟ್ಟ ಮಾತನ್ನೆಲ್ಲ ಕಾಕು ಒಬ್ಬರೇ ಖರ್ಚು ಮಾಡುತ್ತಾರೆ ಎಂದು ನಾವು ಚೇಷ್ಟೆ ಮಾಡುತ್ತಿದ್ದೆವು. ಅಂಗಡಿಯ ಹಿಂದೆಯೇ ಮನೆ, ನಡುವೆ ಒಂದು ಪಡಸಾಲೆ. ನಮ್ಮ ಅವ್ವನ ಕಡೆಯಿಂದ ದೂರದ ಸಂಬಂಧವಿದ್ದುದರಿಂದ ನಾನು ಆ ಮನೆಯಲ್ಲಿಯೇ ಇದ್ದು ಹೈಸ್ಕೂಲು ಓದಿದೆ.

ಕಾಕು ಎತ್ತರದ ಆಳು. ಇಳಕಲ್ ಸೀರೆ, ಖಣದ ಕುಪ್ಪಸ, ಹಣೆಯ ತುಂಬ ವಿಭೂತಿ. ಪೇಟೆಯವರೊಡನೆ ಮರಾಠಿ, ಮನೆಯವರೊಡನೆ ಕನ್ನಡ, ಸಿಟ್ಟು ಬಂದಾಗ ಎರಡೂ. ಓದುವಾಗ ಸಾಲಿನ ಕೆಳಗೆ ಬೆರಳಿಟ್ಟು ಗಟ್ಟಿಯಾಗಿ ಓದುತ್ತಿದ್ದರು, ಹೀಗಾಗಿ ಪತ್ರಿಕೆ ಒಬ್ಬರ ಮನೆಗೆ ಬಂದರೂ ಓಣಿಗೆಲ್ಲ ಸುದ್ದಿ ಮುಟ್ಟುತ್ತಿತ್ತು. ಯಾರಾದರೂ ಎದುರಿಗೆ ಸುಳ್ಳು ಹೇಳುತ್ತಿದ್ದಾರೆ ಅನ್ನಿಸಿದರೆ ಕಾಕು ಬಾಯಿ ತೆರೆಯುತ್ತಿರಲಿಲ್ಲ. ಅಂಗೈ ಮೇಲೆ ಶೇಂಗಾ ಕಾಳು ತಿಕ್ಕಿ ಉಫ್ ಎಂದು ಊದಿ ಹೊಟ್ಟು ಹಾರಿಸುತ್ತಿದ್ದರು. ಆ ಉಫ್‌ಗೆ ಹೆದರದವರನ್ನು ನಾನು ಕಂಡಿಲ್ಲ.

ಈ ಅಡತಿ ಮನೆಯ ಹೆಣ್ಣುಮಗಳು ತಾನಾಗಿ ಮೈಮೇಲೆ ಹಾಕಿಕೊಂಡ ಕೆಲಸವೆಂದರೆ ಕಾಲೇಜು ಓದುವ ಮಕ್ಕಳಿಗೆ ಸಹಾಯ ಹುಡುಕಿಕೊಡುವುದು. ಸೋಲಾಪುರದಲ್ಲಿ ಆಗ ಕಾಲೇಜು ಇರಲಿಲ್ಲ. ಮ್ಯಾಟ್ರಿಕ್ ಆದವರು ಪುಣೆಗೋ ಸಾಂಗಲಿಗೋ ಧಾರವಾಡಕ್ಕೋ ಹೋಗಬೇಕು. ಫೀ ಕಟ್ಟಬೇಕು, ಬೋರ್ಡಿಂಗಿಗೆ ಕೊಡಬೇಕು, ಪುಸ್ತಕ ಕೊಳ್ಳಬೇಕು. ಮನೆಯಲ್ಲಿ ಜೋಳದ ಹಗೇವು ತುಂಬಿದ್ದವರಿಗೂ ತಿಂಗಳು ತಿಂಗಳು ನಗದು ಕಳಿಸುವುದೆಂದರೆ ಹಲ್ಲು ಕಿತ್ತ ಹಾಗೆ. ಕಾಕು ತಮ್ಮ ಕೈಯಿಂದ ಕೊಡುತ್ತಿದ್ದುದು ಕಡಿಮೆ, ತಿಜೋರಿಯ ಕೀಲಿಕೈ ಯಜಮಾನರ ಉಡಿದಾರದಲ್ಲಿತ್ತು. ಆದರೆ ಯಾವ ಮಠದಲ್ಲಿ ಉಚಿತ ಬೋರ್ಡಿಂಗ್ ಇದೆ, ಯಾವ ಸಂಸ್ಥಾನ ಸ್ಕಾಲರ್‌ಶಿಪ್ ಕೊಡುತ್ತದೆ, ಯಾವ ಸಾಹುಕಾರ ತನ್ನ ತಂದೆಯ ಹೆಸರಿನಲ್ಲಿ ವರ್ಷಕ್ಕೊಬ್ಬನಿಗೆ ಫೀ ಕಟ್ಟುತ್ತಾನೆ, ಎಲ್ಲವೂ ಅವರಿಗೆ ಬಾಯಿಪಾಠ. ಇದನ್ನೆಲ್ಲ ಯಾಕೆ ಹಚ್ಚಿಕೊಂಡಿರಿ ಎಂದು ಕೇಳಿದರೆ ಒಬ್ಬೊಬ್ಬರಿಗೆ ಒಂದೊಂದು ಉತ್ತರ. ನೆರೆಮನೆಯವರಿಗೆ ತಮ್ಮನ ಓದು ಅರ್ಧಕ್ಕೆ ನಿಂತ ಕತೆ ಹೇಳಿದ್ದರು. ಸ್ವಾಮಿಗಳ ಮುಂದೆ ಪುಣ್ಯದ ಮಾತಾಡಿದ್ದರು. ನನಗೆ ಮಾತ್ರ, “ನಾಕು ಹೆಣ್ಮಕ್ಕಳ ಲಗ್ನ ಮಾಡಿ ಕೈ ಖಾಲಿ ಆಗಿತ್ತು. ಉಪ್ಪಿನಕಾಯಿ ಭರಣಿ ನೋಡ್ಕೋತ ಕುಂದ್ರಾಕ ಬ್ಯಾಸರಾತು” ಎಂದಿದ್ದರು. ನಿಜ ಇದೇ ಇರಬೇಕೆಂದು ನನ್ನ ಅನುಮಾನ.

ಸಹಾಯ ಕೇಳಿ ಬಂದವರು ಯಾರೇ ಆಗಲಿ, ಪಡಸಾಲೆಯಲ್ಲಿ ಕೂಡಿಸಿ ಮೊದಲು ಒಂದು ತಂಬಿಗೆ ನೀರು ಕೊಡುತ್ತಿದ್ದರು. “ಆಧೀ ಪಾಣೀ ಪ್ಯಾ, ಮಗ್ ಬೋಲಾ.” ಮೊದಲು ನೀರು ಕುಡಿ, ಆಮೇಲೆ ಮಾತು. ನೀರು ಕುಡಿದಾದ ಮೇಲೆ ಒಂದು ಮೊರ ತುಂಬ ಶೇಂಗಾ ತಂದು ಮುಂದೆ ಇಡುತ್ತಿದ್ದರು. ಸುಲಿಯುತ್ತ ಮಾತಾಡಬೇಕು. ಕೈಗೆ ಕೆಲಸವಿದ್ದರೆ ಮನುಷ್ಯ ಬಾಯಿಪಾಠ ಮಾಡಿಕೊಂಡು ಬಂದದ್ದನ್ನು ಮರೆಯುತ್ತಾನೆ ಎಂಬುದು ಅವರ ಲೆಕ್ಕ. ಒಬ್ಬ ಹುಡುಗ ಮನೆಯ ಕಷ್ಟವನ್ನು ಕೀರ್ತನಕಾರರ ಹಾಗೆ ರಾಗ ಎಳೆದು ಹೇಳಲು ಸುರುಮಾಡಿದ. ಅರ್ಧ ಮೊರ ಸುಲಿಯುವುದರೊಳಗೆ ರಾಗ ನಿಂತು, ತನಗೆ ಗಣಿತ ಬರುವುದಿಲ್ಲ, ಇಂಜಿನಿಯರಿಂಗ್ ಅಪ್ಪನ ಆಸೆ, ತನಗೆ ಸಂಸ್ಕೃತ ಓದಬೇಕಾಗಿದೆ ಎಂದು ಹೇಳಿಬಿಟ್ಟ. “ಇದನ್ನ ಮೊದಲ ಹೇಳಿದ್ರ ಶೇಂಗಾ ಅರ್ಧ ಉಳೀತಿತ್ತು” ಎಂದು ಕಾಕು ಅವನಿಗೆ ಸಾಂಗಲಿಯ ದಾರಿ ಹೇಳಿಕೊಟ್ಟರು. ಆ ಮನೆಯ ಶೇಂಗಾ ಚಟ್ನಿಗೆ ಓಣಿಯಲ್ಲೆಲ್ಲ ಹೆಸರಿತ್ತು. ಅದರ ಕಾಳು ಸುಲಿದವರೆಲ್ಲ ಮುಂದೆ ವಕೀಲರು, ಮಾಸ್ತರರು, ಡಾಕ್ಟರರು ಆದರು.

ಸಾಹುಕಾರರ ಬಳಿಗೆ ಯಾವ ಹೊತ್ತಿಗೆ ಹೋಗಬೇಕು ಎಂಬುದರಲ್ಲಿ ಅವರು ಪಂಚಾಂಗದವರಿಗಿಂತ ಕಟ್ಟುನಿಟ್ಟು. ಬೋಣಿಯಾಗುವ ಮೊದಲು ಹೋಗಬಾರದು, ಮೊದಲ ವ್ಯಾಪಾರ ಆಗದೆ ಯಾವ ಅಂಗಡಿಯವನೂ ಕೈಯಿಂದ ರೊಕ್ಕ ಬಿಡುವುದಿಲ್ಲ. ದೀಪ ಹಚ್ಚಿದ ಮೇಲೆ ಹೋಗಬಾರದು, ಲಕ್ಷ್ಮಿ ಹೊರಟುಹೋಗುತ್ತಾಳೆ. ಮಂಗಳವಾರ, ಶುಕ್ರವಾರ ಆ ಮಾತೇ ಎತ್ತಬಾರದು. ಮಧ್ಯಾಹ್ನ ಊಟವಾಗಿ, ಒಂದು ಮಂಪರು ತೆಗೆದು, ಎದ್ದು ಮುಖ ತೊಳೆದು ಎಲೆ ಅಡಿಕೆ ಬಾಯಿಗೆ ಹಾಕಿಕೊಂಡಿರುತ್ತಾರಲ್ಲ, ಆಗ ಹೋಗಬೇಕು. ಹೋದವರು ಕೈಮುಗಿದು ಮೂಲೆಯಲ್ಲಿ ನಿಲ್ಲಕೂಡದು. “ಗಾದಿ ಮ್ಯಾಲ ಬರೋಬರಿ ಕುಂದರ್ರಿ. ಏನ್ ಓದತೀನಿ, ಎಷ್ಟ್ ವರ್ಷ, ಎಷ್ಟ್ ಬೇಕು, ಇಷ್ಟ ಹೇಳ್ರಿ. ಅಳೂದು ಮನ್ಯಾಗ ಅತ್ತು ಬರ್ರಿ. ಓದಾಕ ಕೇಳೂದಕ್ಕ ಲಾಜ ಯಾಕ, ನಾಚಿಕಿ ಯಾಕ?” ಹೀಗೆ ತಾಲೀಮು ಕೊಟ್ಟು ಕಳಿಸುತ್ತಿದ್ದರು.

ಇಷ್ಟೆಲ್ಲ ಬಲ್ಲ ಕಾಕು ನನ್ನ ಸರದಿ ಬಂದಾಗ ಪೇಚಿಗೆ ಸಿಕ್ಕಿಕೊಂಡರು. ನಾನು ಮ್ಯಾಟ್ರಿಕ್ ಪಾಸಾದೆ. ಧಾರವಾಡದ ಕಾಲೇಜಿಗೆ ಹೋಗಬೇಕೆಂದು ನನ್ನ ಹಟ. ನಮ್ಮ ಹಳ್ಳಿ ಅಕ್ಕಲಕೋಟ ಸಂಸ್ಥಾನಕ್ಕೆ ಸೇರಿದ್ದು, ಅಪ್ಪ ಆ ಊರಿನ ಗೌಡ. ಅವನಿಗೆ ನನ್ನ ಮೇಲೆ ಜೀವ. ಓದು ಎನ್ನುತ್ತಿದ್ದ, ಆದರೆ ರೊಕ್ಕದ ಮಾತು ಬಂದಾಗ ಮುಂಡಾಸು ತೆಗೆದು ತಲೆ ಕೆರೆದುಕೊಳ್ಳುತ್ತಿದ್ದ. ಈ ವರ್ಷ ಕಾಲೇಜು ಸಿಗದಿದ್ದರೆ ಮುಂದಿನ ವರ್ಷ ನಾನು ಯಾರದೋ ಮನೆಯ ಸೊಸೆ ಎಂಬುದು ಹೇಳದೆಯೇ ಎಲ್ಲರಿಗೂ ಗೊತ್ತಿತ್ತು. ಗಂಡಿನ ಕಡೆಯವರು ಒಮ್ಮೆ ಬಂದು ನನ್ನನ್ನು ನೋಡಿಕೊಂಡೂ ಹೋಗಿದ್ದರು.

ಕಾಕು ಮೊದಲು ಸಂಸ್ಥಾನಕ್ಕೆ ಅರ್ಜಿ ಬರೆಸಿದರು. ನೀವು ನಮ್ಮ ಶಾಲೆಯಲ್ಲಿ ಓದಿಲ್ಲ, ಇಂಗ್ರೇಜಿ ಸರಕಾರದ ಹದ್ದಿನಲ್ಲಿರುವ ಸೋಲಾಪುರದಲ್ಲಿ ಓದಿದ್ದೀರಿ ಎಂದು ಅಲ್ಲಿಂದ ಉತ್ತರ ಬಂತು. ಸೋಲಾಪುರ ಜಿಲ್ಲೆಯ ಸ್ಕಾಲರ್‌ಶಿಪ್‌ಗೆ ಬರೆಸಿದರು. ನೀವು ಸಂಸ್ಥಾನದ ಪ್ರಜೆ, ನಮ್ಮವರಲ್ಲ ಎಂದರು. ಮಠದ ಬೋರ್ಡಿಂಗಿನಲ್ಲಿ ಹುಡುಗಿಯರಿಗೆ ಜಾಗವಿರಲಿಲ್ಲ. ಉಳಿದದ್ದು ಒಂದೇ, ಪೇಟೆಯ ಅಡತಿಯವರೆಲ್ಲ ಕೂಡಿ ನಡೆಸುತ್ತಿದ್ದ ಧರ್ಮಾದಾಯದ ಫಂಡು. ಅದರಿಂದ ಗೋಶಾಲೆಗೆ ಹುಲ್ಲು ಹಾಕುತ್ತಿದ್ದರು, ಅರವಟ್ಟಿಗೆ ನಡೆಸುತ್ತಿದ್ದರು, ಕೆಲವು ವರ್ಷಗಳಿಂದ ಕಾಲೇಜಿನ ಮಕ್ಕಳಿಗೂ ಕೊಡುತ್ತಿದ್ದರು. ಆದರೆ ಅದಕ್ಕೊಂದು ಕಾಯದೆ ಇತ್ತು. ಅಪ್ಪ ಚೀಲ ಇಳಿಸಲು ಬಂದ ದಿನ ಕಾಕು ಅವನನ್ನು ಪಡಸಾಲೆಯಲ್ಲಿ ಕೂಡಿಸಿ ನೀರು ಕೊಟ್ಟು, ಫಂಡಿಗೆ ಒಂದು ದಾಖಲೆ ಕೊಡಬೇಕೆಂದು ವಿಷಯ ತೆಗೆದರು.

“ದಾಖಲಾ ಅಂದ್ರ ಏನ್ ಬರೀಬೇಕ್ರಿ ಅಕ್ಕಾರ?” ಎಂದ ಅಪ್ಪ.

“ಹುಡುಗಿ ಮನಿ ಗರೀಬ ಐತಿ ಅಂತ ಊರ ಗೌಡ ಬರದು ಶಿಕ್ಕಾ ಒತ್ತಬೇಕಂತ.”

“ನಮ್ಮೂರ ಗೌಡ ಯಾರ್ರಿ?”

“ನೀವ.”

“ಹುಡುಗಿ ಯಾರಾಕಿ?”

“ನಿಮ್ಮಾಕಿನ.”

“ಅಂದ್ರ ನನ್ನ ಮನಿ ಗರೀಬ ಅಂತ ನಾನ ಬರದು, ನನ್ನ ಶಿಕ್ಕಾ ನಾನ ಒತ್ತಬೇಕು.”

ಕಾಕು ಶೇಂಗಾದ ಮೊರವನ್ನು ಅವನ ಮುಂದೆ ಸರಿಸಿದರು. ಅಪ್ಪ ಅದನ್ನು ಮುಟ್ಟಲಿಲ್ಲ. “ನಮ್ಮ ಮನಿಯೊಳಗ ಬಂದವ್ರ್ಯಾರೂ ಉಣಲಾರದ ಹೋಗಿಲ್ರಿ. ಅಂಥ ಮನಿ ಗರೀಬ ಅಂತ ಬರದ್ರ, ನಾಳೆ ಚಾವಡಿಯೊಳಗ ನನ್ನ ಮಾತ್ ಯಾರ್ ಕೇಳತಾರ? ಬೇಕಾದ್ರ ಒಂದ್ ಹೊಲಾ ಮಾರತೀನಿ. ಬರ್ಯಾಂಗಿಲ್ಲ.”

“ಹೊಲಾ ಮಾರ್ರಿ. ಆಮ್ಯಾಲ ಖರೇನ ಗರೀಬ ಆಗತೀರಿ, ಬರ್ಯಾಕ ಏನೂ ತ್ರಾಸ ಆಗಾಂಗಿಲ್ಲ” ಎಂದರು ಕಾಕು.

ಅಪ್ಪ ನಗಲಿಲ್ಲ, ಎದ್ದು ಹೊರಟ. ಗೌಡನ ಬದಲಿಗೆ ಊರ ಕುಲಕರ್ಣಿ ಬರೆದರೆ ನಡೆದೀತೇ ಎಂದು ಕಾಕು ಬೆನ್ನ ಹಿಂದಿನಿಂದ ಕೇಳಿದರು. “ಅವ ಬರೀತಾನ್ರಿ. ಪುಕ್ಕಟ ಬರೀತಾನ. ಬರದು ಊರಾಗೆಲ್ಲ ಓದಿ ಹೇಳತಾನ” ಎಂದ ಅಪ್ಪ. ಅವರಿಬ್ಬರಿಗೂ ಅಜ್ಜಂದಿರ ಕಾಲದಿಂದ ಆಗಿಬರುತ್ತಿರಲಿಲ್ಲ. ನಾನು ಒಳಗೆ ಹೋಗಿ ಅಡುಗೆಮನೆಯ ಮೂಲೆಯಲ್ಲಿ ಕುಳಿತು ಅತ್ತೆ. ಅಪ್ಪನ ಮೇಲೆ ಸಿಟ್ಟು ಬಂದಿತ್ತು, ಅವನು ಹೇಳಿದ್ದು ಸರಿಯೆಂದು ಒಳಗೊಳಗೆ ಅನ್ನಿಸುತ್ತಲೂ ಇತ್ತು.

ಮೂರನೆಯ ದಿನ ಅಪ್ಪನ ಶೇಂಗಾ ಮಾರಾಟವಾಯಿತು. ಇಂಥ ಮಾರಾಟಕ್ಕೆ ಅಂಗಡಿಯಿಂದ ರೈತನಿಗೆ ಒಂದು ಪಟ್ಟಿ ಕೊಡುತ್ತಾರೆ. ಮಾಲಿಗೆ ಇಷ್ಟು ಬಂತು, ಅದರಲ್ಲಿ ಅಡತಿ ಇಷ್ಟು, ತೂಕದ ಕೂಲಿ ಇಷ್ಟು, ಹಮಾಲಿ ಇಷ್ಟು ಕಳೆಯಿತು ಎಂದು. ಕಾಕು ಎಂದಿನಂತೆ ಅದನ್ನು ಬೆರಳಿಟ್ಟು ಗಟ್ಟಿಯಾಗಿ ಓದುತ್ತಿದ್ದವರು ಕೊನೆಯ ಸಾಲಿಗೆ ಬಂದು ನಿಂತರು. ಮತ್ತೊಮ್ಮೆ ಓದಿದರು. ಆ ಸಾಲಿನಲ್ಲಿ ‘ಧರ್ಮಾದಾಯ’ ಎಂದಿತ್ತು. ಪೇಟೆಯಲ್ಲಿ ಹುಟ್ಟಿದ ಕೂಸಿಗೂ ಅದು ಗೊತ್ತು, ಪ್ರತಿ ಚೀಲಕ್ಕೆ ಇಷ್ಟು ಎಂದು ರೈತನ ಪಾಲಿನಿಂದಲೇ ಮುರಿದುಕೊಂಡು ಫಂಡಿಗೆ ಹಾಕುವುದು. ಗೊತ್ತಿದ್ದರೂ ಅದನ್ನು ಯಾರೂ ಆ ಹೊತ್ತಿನವರೆಗೆ ಯೋಚಿಸಿರಲಿಲ್ಲ, ಕಾಕು ಕೂಡ.

ಅಡತಿಯವರ ಸಭೆ ಕೂಡುತ್ತಿದ್ದುದು ಅದೇ ಮನೆಯ ಪಡಸಾಲೆಯಲ್ಲಿ. ಹೆಂಗಸರು ಅಲ್ಲಿ ಕೂಡುವ ಪದ್ಧತಿ ಇರಲಿಲ್ಲ. ಕಾಕು ಒಳಬಾಗಿಲ ಹೊಸ್ತಿಲಾಚೆ ಮಣೆ ಹಾಕಿಕೊಂಡು ಕುಳಿತು, ಅಲ್ಲಿಂದಲೇ ತಮ್ಮ ಯಜಮಾನರಿಗೆ ಹೇಳುವವರ ಹಾಗೆ ಇಡೀ ಸಭೆಗೆ ಹೇಳಿದರು.

“ಕೇಳ್ರಿ ಇಲ್ಲೆ. ಫಂಡಿನ್ಯಾಗಿನ ರೊಕ್ಕ ಯಾರದು? ನಮ್ಮ ತಿಜೋರಿದಲ್ಲ. ರೈತನ ಚೀಲದಾಗಿಂದ ಮುರದದ್ದು. ತನ್ನ ರೊಕ್ಕ ತನ್ನ ಮಕ್ಕಳಿಗೆ ಕೇಳಾಕ ಬಂದ್ರ, ಅವ ನಾ ಗರೀಬ ಅಂತ ಬರದುಕೊಡಬೇಕಂತ. ಇದ್ಯಾವ ನ್ಯಾಯ? ಪಟ್ಟಿ ತೋರಿಸಿದ್ರ ಸಾಕು. ಇವ ನಮ್ಮ ಫಂಡಿಗೆ ಕೊಟ್ಟಾನ, ಇವನ ಮಗಳಿಗೆ ಕೊಡ್ರಿ, ಮುಗೀತು.”

ನ್ಯಾಯದ ಮಾತಿಗೆ ಯಾರೂ ಮನಸ್ಸು ಕರಗಿಸಿಕೊಂಡಂತೆ ಕಾಣಲಿಲ್ಲ. ಆದರೆ ಒಬ್ಬರು, ಪಟ್ಟಿ ತೋರಿಸಿದವರ ಮಕ್ಕಳಿಗೇ ಸಹಾಯ ಎಂದು ಸುದ್ದಿಯಾದರೆ ದುಧನಿಯ ಪೇಟೆಗೆ ಹೋಗುವ ಚೀಲಗಳೆಲ್ಲ ನಮ್ಮಲ್ಲಿಗೆ ಬರುತ್ತವಲ್ಲ ಎಂದರು. ಕೂಡಲೇ ಎಲ್ಲರ ಮುಖ ಅರಳಿತು. ಗರೀಬಿ ದಾಖಲೆಯ ಕಾಯದೆ ಹೋಗಿ ಪಟ್ಟಿಯ ಕಾಯದೆ ಬಂತು. “ಧರ್ಮ ಅಂದಾಗ ಮಲಗಿದ್ರು, ಧಂದಾ ಅಂದಾಗ ಎದ್ದು ಕುಂತ್ರು” ಎಂದು ಕಾಕು ಒಳಗೆ ಬಂದು ನನ್ನ ಬೆನ್ನಿಗೆ ಒಂದು ಗುದ್ದು ಹಾಕಿ ನಕ್ಕರು. ಅವರು ಅಷ್ಟು ನಕ್ಕದ್ದನ್ನು ನಾನು ನೋಡಿರಲಿಲ್ಲ. ಅಪ್ಪ ಊರಿಗೆ ಹೋಗಿ ಚಾವಡಿಯಲ್ಲಿ ಕುಳಿತು, ನಮ್ಮ ಚೀಲದ ರೊಕ್ಕ ನಮಗ ತಿರುಗಿ ಬರತೈತಿ ಎಂದು ಎಲ್ಲರಿಗೂ ಹೇಳಿದ. ನಾನು ಟ್ರಂಕಿಗೆ ಬಣ್ಣ ಹೊಡೆಸಿದೆ.

ಅದರ ಮುಂದಿನ ವಾರ ಸಾಯಬಣ್ಣ ಒಳಬಾಗಿಲಿಗೆ ಬಂದು ನಿಂತ. ಸಾಯಬಣ್ಣ ಅದೇ ಅಂಗಡಿಯ ಹಮಾಲ, ಅಲ್ಲಿಯ ಚೀಲಗಳನ್ನು ಹೊತ್ತು ಹೊತ್ತು ಅವನ ಬೆನ್ನು ಬಾಗಿತ್ತು. ಅವನ ಮಗ ಪುಣೆಯಲ್ಲಿ ಎರಡನೆಯ ವರ್ಷ ಓದುತ್ತಿದ್ದ. ಆ ಹುಡುಗನಿಗೆ ಫಂಡಿನ ಸಹಾಯ ಕೊಡಿಸಿದವರೂ ಕಾಕುವೇ. ತಲೆಗೆ ಸುತ್ತಿದ ವಸ್ತ್ರ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ಅವನು ಕೇಳಿದ, “ಅವ್ವಾರ, ಈ ವರ್ಷ ಪಟ್ಟಿ ತರಬೇಕಂತಲ್ರಿ. ನನಗ ಹೊಲಿಲ್ಲ, ಮನಿಲ್ಲ. ನಾ ಯಾವ ಚೀಲದ ಪಟ್ಟಿ ತರಲಿ?”

ಶೇಂಗಾದ ಚೀಲವೊಂದು ಅಲ್ಲಿತ್ತು, ಕಾಕು ಅದರ ಮೇಲೆ ಕುಳಿತುಬಿಟ್ಟರು. ಹೊಲವಿದ್ದವರ ಮಾನ ಉಳಿಸಲು ಹೋಗಿ ಹೊಲವಿಲ್ಲದವರ ಬಾಗಿಲಿಗೆ ಅಗುಳಿ ಹಾಕಿದ್ದರು. ಅಡತಿ ಮನೆಯಲ್ಲಿ ಹುಟ್ಟಿ ಅಡತಿ ಮನೆ ಸೇರಿದವರಿಗೆ ಪಟ್ಟಿಯಿಲ್ಲದ ಮನುಷ್ಯ ಇರುತ್ತಾನೆಂಬುದೇ ಹೊಳೆದಿರಲಿಲ್ಲ, ಆ ಮನುಷ್ಯ ದಿನವೂ ಕಣ್ಣ ಮುಂದೆಯೇ ಓಡಾಡುತ್ತಿದ್ದರೂ. ಬಹಳ ಹೊತ್ತಿನ ಮೇಲೆ ನನ್ನನ್ನು ಕರೆದರು.

“ಗಂಗಾ, ಈ ಕಾಯದೆ ನಾ ತಗಸಬೇಕು. ತಗಸಿದ್ರ ನಿಂದೂ ಹೋದೀತು. ನಾಳೆ ನನ್ನ ಮ್ಯಾಲ ಸಿಟ್ಟಾಗಬ್ಯಾಡ. ಈಗ ಸಿಟ್ಟಾಗಿ ಮುಗಿಸಿಬಿಡು.”

ನನಗೆ ಸಿಟ್ಟು ಬರಲಿಲ್ಲ. ಸಾಯಬಣ್ಣ ಇನ್ನೂ ವಸ್ತ್ರ ಹಿಡಿದುಕೊಂಡೇ ನಿಂತಿದ್ದ. ಅವನಿಗೆ ಕುಡಿಯಲು ನೀರು ತಂದುಕೊಟ್ಟೆ, ಅಷ್ಟೇ ನನಗೆ ಆಗಿದ್ದು.

ಸಭೆ ಮತ್ತೆ ಕೂಡಿತು. ಆ ದಿನ ಅಪ್ಪನೂ ಊರಿನಿಂದ ಬಂದಿದ್ದ, ಫಂಡಿನವರು ಕರೆದು ರೊಕ್ಕ ಕೊಡುತ್ತಾರೆಂದು ತಿಳಿದು ಹೊಸ ಮುಂಡಾಸು ಸುತ್ತಿಕೊಂಡು ಬಂದು ಪಡಸಾಲೆಯ ಕಂಬಕ್ಕೆ ಒರಗಿ ಕುಳಿತಿದ್ದ. ಕಾಕು ಹೊಸ್ತಿಲಾಚೆಯಿಂದ ಹಿಂದೆಮುಂದೆ ನೋಡದೆ ಹೇಳಿದರು.

“ಹೋದ ಸಲ ನಾ ಹೇಳಿದ್ದು ತಪ್ಪು. ಚೂಕ ನಂದು. ನೀವು ನನ್ನ ಮಾತ್ ಕೇಳಿ ಕೆಟ್ರಿ. ಚೀಲ ರೈತಂದು ಖರೆ. ಆದ್ರ ಸಾಯಬಣ್ಣನ ಬೆನ್ನ ಏರಲಾರದ ತಕ್ಕಡಿಗೆ ಬಂದ ಚೀಲ ಯಾವದೈತಿ ಹೇಳ್ರಿ. ಅವನ ಮಗನ್ನ ನಡು ನೀರಾಗ ಕೈ ಬಿಡಬ್ಯಾಡ್ರಿ. ಪಟ್ಟಿ ಕಾಯದೆ ತಗೀರಿ.”

ಅಧ್ಯಕ್ಷರಾಗಿದ್ದ ಮುದುಕರು ಮುಖ ಗಂಟುಹಾಕಿಕೊಂಡರು. ತಿಂಗಳಿಗೊಂದು ಕಾಯದೆ ಮಾಡಲು ಇದೇನು ಮಕ್ಕಳಾಟವೇ ಎಂದರು. ಹಮಾಲನಿಗೊಂದು, ಗೌಡನಿಗೊಂದು ಎಂದು ಎರಡು ಕಾಯದೆ ಇಟ್ಟರೆ ಪೇಟೆಯವರು ಮುಖಕ್ಕೆ ಉಗಿಯುತ್ತಾರೆ ಎಂದರು. “ತಗಿಯೂದಾದ್ರ ತಗೀತೀವಿ. ಮತ್ತ ಹಳೇ ಕಾಯದೆನ. ಎಲ್ಲಾರೂ ಗೌಡನ ದಾಖಲಾ ತರಬೇಕು. ಗೌಡನ ಮಗಳೂ ತರಬೇಕು.”

ಎಲ್ಲರೂ ಅಪ್ಪನ ಕಡೆಗೆ ನೋಡಿದರು. ನಾನು ಬಾಗಿಲ ಸಂದಿಯಿಂದ ಅವನನ್ನು ನೋಡುತ್ತಿದ್ದೆ. ಧಾರವಾಡ ಹೋಯಿತು ಅನ್ನಿಸಿತು. ನಾನು ಬಲ್ಲ ಅಪ್ಪ ಈಗ ಎದ್ದು, ಮುಂಡಾಸು ಸರಿಮಾಡಿಕೊಂಡು ಹೊರಟುಹೋಗುವವನು. ಅಪ್ಪ ಏಳಲಿಲ್ಲ. “ಒಂದ್ ಕಾಗದ ಕೊಡ್ರಿ” ಎಂದ.

ಅವನು ಬರೆಯಲು ಬಹಳ ಹೊತ್ತು ತೆಗೆದುಕೊಂಡ. ಕಚೇರಿಯ ಕಾಗದಗಳನ್ನೆಲ್ಲ ಮರಾಠಿಯ ಮೋಡಿ ಲಿಪಿಯಲ್ಲಿ ಸರಸರ ಬರೆಯುತ್ತಿದ್ದವನು ಇದನ್ನು ಮಾತ್ರ ಕನ್ನಡದಲ್ಲಿ ಒಂದೊಂದೇ ಅಕ್ಷರ ಕೂಡಿಸಿ ಬರೆದ. ಸೊಂಟದ ಚೀಲದಿಂದ ಶಿಕ್ಕಾ ತೆಗೆದು ಒತ್ತಿದ. ಅಧ್ಯಕ್ಷರು ಮನೆಯಲ್ಲಿ ಕನ್ನಡ ಆಡುವವರಾದರೂ ಓದುವುದು ಮರಾಠಿ ಮಾತ್ರ. ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಒಳಗೆ ಕಳಿಸಿದರು. ಕಾಕು ಬೆರಳಿಟ್ಟು ಗಟ್ಟಿಯಾಗಿ ಓದಿದರು.

“ಈ ಊರಿನ ಗೌಡನಾದ ನಾನು ಬರೆದುಕೊಡುವುದು ಏನೆಂದರೆ, ನಮ್ಮ ಮನೆಯಲ್ಲಿ ಹೊಲ ಇದೆ, ಎತ್ತು ಇವೆ, ಬಂದವರಿಗೆ ರೊಟ್ಟಿ ಇದೆ. ರೊಕ್ಕ ಇಲ್ಲ. ಮಗಳು ಮ್ಯಾಟ್ರಿಕ್ ಪಾಸಾಗಿದ್ದಾಳೆ. ಆಕೆಗೆ ಓದುವ ಮನಸ್ಸು ಇದೆ. ನನಗೆ ಓದಿಸುವ ಮನಸ್ಸು ಇದೆ. ಓದಿಸುವ ತಾಕತ್ತು ನನಗಿಲ್ಲ. ಇದು ಖರೆ.”

‘ತಾಕತ್ತು’ ಎಂಬಲ್ಲಿ ಕಾಕುವಿನ ದನಿ ತಡವರಿಸಿತು. ಅಂಥ ದನಿ ತಡವರಿಸಬಲ್ಲದೆಂದು ನನಗೆ ಆವರೆಗೆ ಗೊತ್ತಿರಲಿಲ್ಲ.

“ಇದರೊಳಗ ಗರೀಬ ಅಂತ ಎಲ್ಲೈತಿ?” ಎಂದರು ಅಧ್ಯಕ್ಷರು.

“ಇಲ್ಲ. ಇದ್ದದ್ದು ಇದ್ದಂಗ ಬರದಾರ, ಇಲ್ಲದ್ದು ಇಲ್ಲ ಅಂತ ಬರದಾರ” ಎಂದರು ಕಾಕು. “ಸಾಯಬಣ್ಣನೂ ಹಿಂಗ ಬರಸಲಿ. ದುಡಿಯೂ ಬೆನ್ನೈತಿ, ಓದೂ ಮಗ ಅದಾನ, ರೊಕ್ಕಿಲ್ಲ ಅಂತ. ಯಾರದರ ಮನಿ ಸುದ್ದಿ ಇದಕ್ಕಿಂತ ಹೆಚ್ಚಿಗಿ ಏನ್ ಬೇಕ್ರಿ ನಿಮಗ?”

ಅಷ್ಟರಲ್ಲಿ ಎಂದೂ ಸಭೆಯಲ್ಲಿ ಬಾಯಿಬಿಡದ ಕಾಕುವಿನ ಯಜಮಾನರು ಕೆಮ್ಮಿ ಗಂಟಲು ಸರಿಮಾಡಿಕೊಂಡು, “ಬರೋಬರಿ ಐತಿ” ಎಂದರು. ಆ ಒಂದು ಮಾತಿಗೆ ಅಷ್ಟು ತೂಕ ಬಂದದ್ದು ಅವರು ಅಷ್ಟು ವರ್ಷ ಸುಮ್ಮನಿದ್ದುದರಿಂದ. ಮುಂದೆ ಆ ಫಂಡಿಗೆ ಬಂದ ದಾಖಲೆಗಳಲ್ಲಿ ಗರೀಬ ಎಂಬ ಮಾತು ಹೋಯಿತು. ಮನೆಯಲ್ಲಿ ಏನಿದೆ, ಏನಿಲ್ಲ ಎಂದು ಬರೆದರೆ ಸಾಕಾಯಿತು. ಸಾಯಬಣ್ಣನ ಮಗ ಓದು ಮುಗಿಸಿದ, ಈಗ ಒಳ್ಳೆಯ ನೌಕರಿಯಲ್ಲಿದ್ದಾನೆ.

ಯಾಕೆ ಬರೆದೆ ಎಂದು ನಾನು ಅಪ್ಪನನ್ನು ಚಕ್ಕಡಿಯಲ್ಲಿ ಊರಿಗೆ ಹೋಗುವಾಗ ಕೇಳಿದೆ. ಅವನು ಎತ್ತಿನ ಬಾಲ ಮುರಿಯುತ್ತ ಹೇಳಿದ, “ಅಷ್ಟ್ ಮಂದಿ ಸಾಹುಕಾರರ ಮುಂದ ಆಕಿ ಚೂಕ ನಂದು ಅಂದ್ಲು. ನಾ ಎಂದೂ ಅಂದಿಲ್ಲ, ನಮ್ಮಪ್ಪನೂ ಅಂದಿಲ್ಲ. ಆಕಿಗೇನ್ ಮರ್ಯಾದಿ ಕಮ್ಮಿ ಆತು? ಇನ್ನಷ್ಟ್ ಹೆಚ್ಚಾತು.” ಅಪ್ಪನ ಮೇಲೆ ನನಗೆ ಅಂದು ಬಂದಷ್ಟು ಪ್ರೀತಿ ಹಿಂದೆಂದೂ ಬಂದಿರ‍ಲಿಲ್ಲ.

ಧಾರವಾಡಕ್ಕೆ ಹೊರಡುವ ದಿನ ನಾನು ಕಾಕುವಿನ ಕಾಲಿಗೆ ಬಿದ್ದೆ. ಎದ್ದಾಗ ನನ್ನ ಕಣ್ಣು ತುಂಬಿತ್ತು. ಒಂದು ಒಳ್ಳೆಯ ಮಾತಾಡಿ ತಲೆ ಸವರುತ್ತಾರೆಂದು ಕಾದೆ. ಅವರು ಚಟ್ನಿಯ ಗಂಟನ್ನು ನನ್ನ ಕೈಗೆ ತುರುಕಿ, “ಅಳೂದು ಸಾಕು, ಗಾಡಿ ತಪ್ಪತೈತಿ. ಇಲ್ಲೆ ಕೇಳು. ಫಂಡಿನವ್ರು ಹುಡುಗಿಗೆ ಕೊಟ್ಟಿದ್ದು ಇದ ಮೊದಲ. ನನ್ನ ಕಡೆ ಇನ್ನೂ ಇಬ್ರು ಹುಡುಗ್ಯಾರು ಮ್ಯಾಟ್ರಿಕ್ ಕುಂತಾರ. ನೀ ಪಾಸಾದ್ರ ಅವರಿಗೂ ಕೊಡಸತೀನಿ. ನೀ ಫೇಲಾದ್ರ ಹುಡುಗ್ಯಾರಿಗೆ ಕೊಟ್ಟು ಏನ್ ಬಂತು ಅಂತಾರ, ಅವರ ಗತಿ ಮುಗೀತು. ಹೋಗು” ಎಂದರು.

ಇದೆಂಥ ಆಶೀರ್ವಾದ ಎಂದು ಹೊಟಗಿಯಲ್ಲಿ ಗಾಡಿ ಬದಲಿಸುವವರೆಗೂ ಮನಸ್ಸಿನಲ್ಲಿಯೇ ಅವರ ಜೊತೆ ಜಗಳಾಡಿದೆ. ಆ ವರ್ಷ ಮನೆ ನೆನಪಾಗಿ ಓದು ಬೇಡವೆನ್ನಿಸಿದಾಗ, ಇಂಗ್ಲಿಷ್ ತಲೆಗೆ ಹತ್ತದೆ ಪುಸ್ತಕ ಎಸೆಯಬೇಕೆನ್ನಿಸಿದಾಗ, ಮುಖವನ್ನೇ ಕಾಣದ ಆ ಇಬ್ಬರು ಹುಡುಗಿಯರು ಬಂದು ಎದುರಿಗೆ ಕುಳಿತುಬಿಡುತ್ತಿದ್ದರು. ಅವರ ಹೆದರಿಕೆಗೆ ಓದಿದೆ, ಪಾಸಾದೆ.

ಮುಂದಿನ ಜೂನ್‌ನಲ್ಲಿ ಅವರಲ್ಲಿ ಒಬ್ಬಳು ಧಾರವಾಡಕ್ಕೆ ಬಂದಳು. ಕರೆದುಕೊಳ್ಳಲು ನಾನು ಸ್ಟೇಷನ್ನಿಗೆ ಹೋಗಿದ್ದೆ. ಸಣಕಲು ಹುಡುಗಿ, ಒಂದು ಕೈಯಲ್ಲಿ ಹಾಸಿಗೆಯ ಸುರುಳಿ, ಇನ್ನೊಂದರಲ್ಲಿ ಚಟ್ನಿಯ ಗಂಟು. ಆ ಗಂಟು ಕಂಡು ನಾನೇ ಕೈಬೀಸಿ ಕರೆದೆ, ಹತ್ತಿರ ಬಂದಳು. ಪ್ರಯಾಣ ಹೇಗಾಯಿತು ಎಂದು ನಾನು ಕೇಳುವುದರೊಳಗೆ, ಕಣ್ಣು ಅಗಲ ಮಾಡಿಕೊಂಡು ಅವಳೇ ಕೇಳಿದಳು, “ಅಕ್ಕಾರ, ಕಾಕು ಅವ್ರ ಕಡೆ ಇನ್ನೂ ಮೂರು ಮಂದಿ ಹುಡುಗ್ಯಾರು ಅದಾರಂತ್ರಿ. ನಾ ಫೇಲಾದ್ರ ಅವರ ಗತಿ ಏನ್ರಿ?”